ಬಿಸಿಲ ನೆಲಕ್ಕೆ ಯಾವ ಹುಲ್ಲು?

(ರೈತರ ಕೂಟದಲ್ಲಿ ಮಾಡಿದ ಭಾಷಣ)



ಶಿವರಾತ್ರಿ ಕಳೆದರೆ ನಮ್ಮ ಗೋಮಾಳಗಳಲ್ಲಿ ಕಾಣುವುದು ಬರೀ ಮಣ್ಣು. ಮಳೆ ಕಡಮೆಯೆಂದು ದೈವವನ್ನು ದೂರಿದರೆ ದನದ ಹೊಟ್ಟೆ ತುಂಬೀತೆ? ಬಿಸಿಲನ್ನು ತಾಳುವ ಹುಲ್ಲನ್ನು ನಾವೇ ಆರಿಸಿ ಬೆಳೆಸಬೇಕು.

ಗರಿಕೆಯನ್ನು ನೀವೆಲ್ಲ ಬಲ್ಲಿರಿ. ಒಣಗಿದಂತೆ ಕಂಡರೂ ಒಂದು ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಮನೆಯಂಗಳಕ್ಕೂ ಶಾಲೆಯ ಬಯಲಿಗೂ ಅದೇ ಲೇಸು. ಬೀಜ ಬೇಕಿಲ್ಲ, ಬೇರಿರುವ ಬಳ್ಳಿಯ ತುಂಡುಗಳನ್ನು ನೆಟ್ಟರೆ ಸಾಕು. ಆದರೆ ಹೊಲದ ಬದುವಿಗೆ ಅದನ್ನು ತರಬೇಡಿ. ಬೆಳೆಯೊಳಗೆ ನುಗ್ಗಿತೆಂದರೆ ಕಿತ್ತು ಕಿತ್ತು ಸೋಲುವಿರಿ.

ಬದುವಿಗೂ ಗೋಮಾಳಕ್ಕೂ ಅಂಜನ ಹುಲ್ಲು ಒಳ್ಳೆಯದು. ಆಳಕ್ಕೆ ಬೇರುಬಿಟ್ಟು ಮಣ್ಣನ್ನು ಹಿಡಿಯುತ್ತದೆ. ವರ್ಷ ವರ್ಷವೂ ಚಿಗುರುತ್ತದೆ. ಎಕರೆಗೆ ಸುಮಾರು 2 ಕಿಲೋ ಬೀಜ ಸಾಕು. ಬೀಜ ಬಹಳ ಹಗುರ. ಗಾಳಿಗೆ ಹಾರದಂತೆ ತೇವದ ಮಣ್ಣಿನೊಡನೆ ಬೆರೆಸಿ, ಮುಂಗಾರು ಹಿಡಿದ ಮೇಲೆ ಎರಚಿರಿ. ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಮೇಲೇಳದು. ಆಗತಾನೆ ಕೊಯ್ದ ಬೀಜವೂ ಸರಿಯಾಗಿ ಹುಟ್ಟುವುದಿಲ್ಲ. ಕೆಲವು ತಿಂಗಳು ಒಣಗಿಸಿ ಇಟ್ಟದ್ದನ್ನೇ ಕೇಳಿ ಪಡೆಯಿರಿ. ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬೀಜದ ವಿಚಾರವನ್ನು ಅಲ್ಲಿ ಕೇಳಬಹುದು.

ಕೊನೆಯದಾಗಿ ಒಂದು ಮಾತು. ಮೊದಲ ವರ್ಷ ದನ ಬಿಡಬೇಡಿ; ಎಳೆಯ ಹುಲ್ಲನ್ನು ಅವು ಬುಡಸಹಿತ ಕಿತ್ತುಬಿಡುತ್ತವೆ. ಬೆಳೆದುದನ್ನು ಕೊಯ್ದು ಕೊಟ್ಟಿಗೆಯಲ್ಲೇ ಹಾಕಿರಿ. ಗೋಮಾಳ ಒಬ್ಬರದಲ್ಲ. ಹತ್ತು ಮನೆಯವರು ಕಾದು, ಒಬ್ಬರು ಕದ್ದು ಮೇಯಿಸಿದರೂ ಬಿತ್ತಿದ್ದು ವ್ಯರ್ಥ. ಊರೆಲ್ಲ ಕೂಡಿ ಒಪ್ಪಿದ ಮೇಲೆಯೇ ಬೀಜಕ್ಕೆ ಕೈಹಾಕಿರಿ.