ಹೇಳುವುದು ಮೊಬೈಲ್, ನೋಡಬೇಕಾದ್ದು ನಾವು
(ಮಹಿಳಾ ವಿಭಾಗದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮಲ್ಲಿ ಸ್ಕೂಟರ್, ಬೈಕ್ ಓಡಿಸುವವರು ಈಗ ಕಡಿಮೆಯೇನಿಲ್ಲ. ಅದಕ್ಕೇ ಜಿಪಿಎಸ್ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಒಂದು ಭಾನುವಾರ ಮಗಳನ್ನು ಹಿಂದೆ ಕೂರಿಸಿಕೊಂಡು ಬಾಂದ್ರಾದಿಂದ ವರ್ಲಿಗೆ ಹೊರಟಿದ್ದೆ. ಮೊಬೈಲ್ ಹೇಳಿದ ಕಡೆಗೆಲ್ಲ ತಿರುಗಿದೆ. ಕೊನೆಗೆ ನೋಡಿದರೆ ಸೀ ಲಿಂಕ್‌ನ ಬಾಗಿಲಲ್ಲಿದ್ದೇನೆ! ಎರಡೂ ಬದಿಯಲ್ಲಿ ಕಾರುಗಳು ನುಗ್ಗುತ್ತಿವೆ. ಕಾವಲಿನವರು ತಡೆದು, ಮಾಹಿಮ್ ಮೇಲಿಂದ ಹೋಗಿ ಎಂದು ವಾಪಸು ಕಳಿಸಿದರು. ಆ ಕಾರುಗಳ ನಡುವೆ ಸ್ಕೂಟರ್ ತಿರುಗಿಸುವಾಗ ಮಗಳು ನನ್ನನ್ನು ಬಿಗಿಹಿಡಿದದ್ದು ಇನ್ನೂ ಮರೆತಿಲ್ಲ. ಆಮೇಲೆ ನೋಡಿದರೆ, ನಕ್ಷೆಯಲ್ಲಿ ನಾನು ಆರಿಸಿದ್ದು ಕಾರಿನ ಗುರುತು.

ಗೂಗಲ್ ಮ್ಯಾಪ್ಸ್‌ನಲ್ಲಿ ದ್ವಿಚಕ್ರದ ಗುರುತು 2017ರಿಂದಲೇ ಇದೆ. ಹೊರಡುವ ಮುಂಚೆ ಅದನ್ನು ಒತ್ತಿ. ಆದರೂ ಈ ನಾಲ್ಕು ಹೆಸರು ಬಾಯಿಪಾಠವಿರಲಿ: ಬಾಂದ್ರಾ-ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್, ಅಟಲ್ ಸೇತು, ಜೆ.ಜೆ. ಫ್ಲೈಓವರ್. ಇಲ್ಲಿ ದ್ವಿಚಕ್ರಕ್ಕೆ ಪ್ರವೇಶವಿಲ್ಲ. ನಕ್ಷೆ ಏನೇ ಹೇಳಲಿ, ರಸ್ತೆಯ ಬೋರ್ಡಿನ ಮಾತೇ ಕೊನೆಯದು.

ಇನ್ನು, ಯಾವುದನ್ನು ಕೊಳ್ಳಬೇಕು? ಬೈಕಿಗೆಂದೇ ಮಾಡಿದ ಜಿಪಿಎಸ್ ಸಾಧನ ಮಳೆ ತಡೆಯುತ್ತದೆ, ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ, ಗ್ಲೌಸ್ ಹಾಕಿಕೊಂಡೇ ಒತ್ತಬಹುದು. ಆದರೆ ದುಬಾರಿ. ಲಡಾಖ್‌ಗೆ ಹೋಗುವವರಿಗೆ ಸರಿ; ಮುಲುಂಡ್‌ನಿಂದ ಅಂಧೇರಿಗೆ ಹೋಗುವವರಿಗೆ ಬೇಡ. ಹೊಸ ಸ್ಕೂಟರ್ ಕೊಳ್ಳುವವರು ಮೀಟರಿನಲ್ಲೇ ದಾರಿ ತೋರಿಸುವಂಥದ್ದನ್ನು ವಿಚಾರಿಸಿ. ಆಥರ್‌ನ ಕೆಲವು ಮಾದರಿಗಳಲ್ಲಿ ಇಡೀ ನಕ್ಷೆಯೇ ಬರುತ್ತದೆ. ಟಿವಿಎಸ್ ಎನ್‌ಟಾರ್ಕ್‌ನಲ್ಲಿ ಬ್ಲೂಟೂತ್ ಮೂಲಕ ತಿರುವಿನ ಬಾಣ ಬರುತ್ತದೆ.

ಉಳಿದವರಿಗೆ ಮೊಬೈಲೇ ಸಾಕು, ಆದರೆ ಹೋಲ್ಡರ್ ಗಟ್ಟಿಯಾಗಿರಲಿ. ಬೈಕಿನ ನಡುಕದಿಂದ ಫೋನಿನ ಕ್ಯಾಮೆರಾ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಆದ್ದರಿಂದ ನಡುಕ ತಡೆಯುವ ರಬ್ಬರ್ ಇರುವ ಹೋಲ್ಡರನ್ನೇ ಆರಿಸಿ. ಮಳೆಗಾಲಕ್ಕೆ ಪಾರದರ್ಶಕ ಚೀಲ ಬೇಕೇ ಬೇಕು. ಪರದೆಯ ಮೇಲೆ ಹನಿ ಬಿದ್ದರೆ ಒತ್ತಿದ್ದೊಂದು, ಆಗುವುದೊಂದು.

ಫೋನಿನಲ್ಲಿ ದಾರಿ ನೋಡಲು ಕಾನೂನಿನ ಅಡ್ಡಿಯಿಲ್ಲ. 2020ರ ತಿದ್ದುಪಡಿಯ ಪ್ರಕಾರ, ಓಡಿಸುವವರ ಗಮನ ಕೆಡದಂತೆ ದಾರಿಗಾಗಿ ಮಾತ್ರ ಬಳಸಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ, 22 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಅದಕ್ಕೇ ವಿಳಾಸ ಹಾಕುವುದು ನಿಂತಿರುವಾಗ. ಓಡಿಸುವಾಗ ಧ್ವನಿಯನ್ನು ಮಾತ್ರ ಕೇಳಿ, ಕನ್ನಡದಲ್ಲೂ ಹೇಳಿಸಿಕೊಳ್ಳಬಹುದು. ಹಿಂದಿನ ಬಸ್ಸಿನ ಹಾರ್ನೂ ಕೇಳಿಸುವಷ್ಟು ಮೆಲ್ಲಗಿರಲಿ.

ಫ್ಲೈಓವರ್ ಮೇಲಿದ್ದೇವೋ ಕೆಳಗಿದ್ದೇವೋ ಎಂಬುದು ಎಷ್ಟೋ ಸಲ ಜಿಪಿಎಸ್‌ಗೆ ಗೊತ್ತಾಗುವುದಿಲ್ಲ. ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇಗಳಲ್ಲಿ ಈಗಷ್ಟೇ ನಿಂತ ನೀರೂ ಅದಕ್ಕೆ ಕಾಣದು. ಅಲ್ಲಿ ಪಕ್ಕದ ರಿಕ್ಷಾದವನನ್ನು ಕೇಳಿ. ಕೇಳುವುದು ನಾಚಿಕೆಯಲ್ಲ.

ದಾರಿ ತಪ್ಪಿದರೆ ಗಾಬರಿಯಾಗಿ ಥಟ್ಟನೆ ತಿರುಗಬೇಡಿ. ಮುಂದೆ ಹೋಗಿ, ನಿಂತು, ನೋಡಿ. ಐದು ನಿಮಿಷ ತಡವಾದರೂ ಮನೆಯವರು ಕಾಯುತ್ತಾರೆ. ಹಿಂದೆ ಕುಳಿತ ಮಗು ನಂಬಿರುವುದು ಮೊಬೈಲನ್ನಲ್ಲ, ನಮ್ಮನ್ನು.