ಚಿತ್ರಗಾರ ವೆಂಕಟಪ್ಪನವರೂ ಕನ್ನಡಿಗರ ಋಣವೂ

(ಕುಪ್ಪಗಡ್ಡೆಯ ಉಪಾಧ್ಯಾಯರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ಸೀಮೆಯವರಿಗೆ ಕಲೆಯೆಂಬುದು ಹೊಸತಲ್ಲ. ಸೊರಬದ ಗುಡಿಗಾರರು ಶ್ರೀಗಂಧದ ಕೊರಡಿನಲ್ಲಿ ದೇವತೆಗಳನ್ನು ಮೂಡಿಸುತ್ತ ಬಂದವರು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಹಸೆ ಬರೆಯುವವರು. ಆದರೆ ಅವರನ್ನು ಕಲಾವಿದರೆಂದು ನಾವು ಎಣಿಸಿದ್ದೇವೆಯೇ? ಕೂಲಿ ಕೊಟ್ಟರೆ ಋಣ ತೀರಿತೆಂದು ಬಗೆಯುವ ನಮ್ಮ ಬುದ್ಧಿಗೆ ಎದುರಾಗಿ ನಿಂತ ಕನ್ನಡಿಗರೊಬ್ಬರ ಚರಿತ್ರೆಯನ್ನು ಇಂದು ನಿವೇದಿಸುವೆನು. ಅವರೇ ಕೆ. ವೆಂಕಟಪ್ಪನವರು.

1886ರಲ್ಲಿ ಮೈಸೂರಿನ ಅರಮನೆಯ ಚಿತ್ರಗಾರರ ಮನೆತನದಲ್ಲಿ ಜನಿಸಿದ ಇವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕಲ್ಕತ್ತೆಯ ಸರಕಾರೀ ಕಲಾಶಾಲೆಗೆ ಕಳುಹಿಸಿದರು. ಅಲ್ಲಿ ಅವನೀಂದ್ರನಾಥ ಠಾಕೂರರು ಗುರುಗಳು. ನಂದಲಾಲ ಬಸು ಅವರು ಸಹಪಾಠಿಗಳು. 1905ರ ವಂಗಭಂಗದ ತರುವಾಯ ಸ್ವದೇಶೀ ಭಾವನೆಯು ಕುಂಚಕ್ಕೂ ಇಳಿದಿದ್ದಿತು. ಪಾಶ್ಚಾತ್ಯ ತೈಲಚಿತ್ರಗಳ ಅನುಕರಣವನ್ನು ತೊರೆದು ಆ ಶಿಷ್ಯವರ್ಗವು ಅಜಂತ, ಮೊಗಲ, ರಾಜಪೂತ ಸಂಪ್ರದಾಯಗಳ ಕಡೆಗೆ ತಿರುಗಿತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಇಂಗ್ಲಿಷ್ ಗ್ರಂಥವು 1913ರಲ್ಲಿ ಹೊರಬಂದಾಗ, ಅದರ ಚಿತ್ರಗಳಲ್ಲಿ ವೆಂಕಟಪ್ಪನವರವೂ ಇದ್ದುವು.

ಮೈಸೂರಿಗೆ ಮರಳಿದ ಮೇಲೆ ಅವರು ಗುರುಗಳ ಶೈಲಿಗೇ ಅಂಟಿಕೊಳ್ಳಲಿಲ್ಲ. ಉದಕಮಂಡಲದ ಬೆಟ್ಟ, ಮಂಜು, ಬೆಳದಿಂಗಳುಗಳನ್ನು ಕಣ್ಣಾರೆ ಕಂಡು ಜಲವರ್ಣದಲ್ಲಿ ಬರೆದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಗಾರೆಯಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ವಿವಾಹವನ್ನೂ ಒಲ್ಲದೆ ಕಲೆಯನ್ನೇ ವ್ರತವಾಗಿ ಹಿಡಿದರು.

1940ರಲ್ಲಿ ಕೃಷ್ಣರಾಜರು ತೀರಿಕೊಂಡರು. ಅರಮನೆಯ ಉಬ್ಬುಶಿಲ್ಪದ ಕಾರ್ಯವು ನಿಂತಿತು. ಪ್ರತಿಫಲದ ವಿವಾದವು ನ್ಯಾಯಾಸ್ಥಾನವನ್ನು ಏರಿತು. ವಕೀಲನಾದ ನನಗೆ ಇದು ಬಹು ಮುಖ್ಯವಾಗಿ ತೋರುತ್ತದೆ. ಮೊಬಲಗಿನ ಲೆಕ್ಕವನ್ನು ಜನರು ಮರೆಯಲಿ. ಆದರೆ ಚಿತ್ರಗಾರನು ಒಡೆಯನ ಆಳೋ, ತನ್ನ ಕೃತಿಗೆ ತಾನೇ ಕರ್ತೃವೋ ಎಂಬ ಪ್ರಶ್ನೆಯು ಮರೆಯತಕ್ಕುದಲ್ಲ.

ಮಹನೀಯರೇ, ಇಲ್ಲಿಂದ ಬನವಾಸಿ ದೂರವಲ್ಲ. ಆದರೂ 1956ರ ವರೆಗೆ ಅದು ಮುಂಬಯಿ ಆಡಳಿತದಲ್ಲಿ, ನಾವು ಮೈಸೂರಿನಲ್ಲಿ. ಆ ಗಡಿಯೇನೋ ಅಳಿಯಿತು. ಆದರೆ ಮೈಸೂರಿನ ವೆಂಕಟಪ್ಪನವರನ್ನು ಧಾರವಾಡದ ಹುಡುಗನೂ, ಧಾರವಾಡದಲ್ಲಿ ಕಲಾಶಾಲೆಯನ್ನು ಸ್ಥಾಪಿಸಿದ ಡಿ. ವ್ಹಿ. ಹಾಲಭಾವಿಯವರನ್ನು ಸೊರಬದ ಹುಡುಗನೂ ತನ್ನವರೆಂದು ಅರಿಯುವ ತನಕ ನಮ್ಮ ಏಕೀಕರಣವು ಭೂಪಟದ ಮೇಲಣ ಏಕೀಕರಣವೇ ಸರಿ.

ವೆಂಕಟಪ್ಪನವರು 1965ರಲ್ಲಿ ಕಾಲವಾದರು. ಅವರ ಹೆಸರಿನ ಚಿತ್ರಶಾಲೆಯು ಬೆಂಗಳೂರಿನಲ್ಲಿದೆ. ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೇ: ಮಕ್ಕಳನ್ನು ಮೊದಲು ಊರಿನ ಹಸೆಯ ಗೋಡೆಯ ಮುಂದೆ ನಿಲ್ಲಿಸಿರಿ, ಬರೆದಾಕೆಯ ಹೆಸರನ್ನು ಕೇಳಿಸಿರಿ. ಬಳಿಕ ಬೆಂಗಳೂರಿಗೆ ಕರೆದೊಯ್ಯಿರಿ. ಕಲಾವಿದರ ಋಣವನ್ನು ತೀರಿಸುವ ಮೊದಲ ಕಂತು ಅವರ ಹೆಸರನ್ನು ಅರಿಯುವುದೇ ಆಗಿದೆ.