ವಾರ್ಡಿನಲ್ಲಿ ಕಲಿಸುವವರು

(ಭೋರಿನಲ್ಲಿ ಸೇರಿದ್ದ ಕನ್ನಡ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಈ ಭೋರಿಗೆ ತಾವೆಲ್ಲ ಒಂದು ದಿನದ ದುಡಿಮೆ ಬಿಟ್ಟು ಬಂದಿದ್ದೀರಿ. ಸಾತಾರಾ ರಸ್ತೆಯ ಹೋಟೆಲುಗಳಿಂದ ಬಂದವರಿದ್ದೀರಿ, ಮುಂಬಯಿಯ ಗಿರಣಿಗಳಲ್ಲಿ ಆಯುಷ್ಯ ಸವೆಸಿದ ಹಿರಿಯರೂ ಇದ್ದೀರಿ. ಸಂಬಳ, ರಜೆ, ಪ್ರಾವಿಡೆಂಟ್ ಫಂಡು ಇವುಗಳ ಮಾತು ಪ್ರತಿ ಸಭೆಯಲ್ಲೂ ಆಗುತ್ತದೆ. ಇಂದು ನಮ್ಮ ಮಕ್ಕಳ ಮಾತು ಆಡೋಣ.

ನಮ್ಮ ಮನೆಗಳ ಹೆಣ್ಣುಮಕ್ಕಳು, ಈಗೀಗ ಗಂಡುಮಕ್ಕಳು ಕೂಡ, ನರ್ಸಿಂಗ್ ಕಲಿಯಲು ಹೋಗುತ್ತಿದ್ದಾರೆ. ಸಾಲ ಮಾಡಿ, ಹೆಂಡತಿಯ ಬಳೆ ಒತ್ತೆಯಿಟ್ಟು ಫೀಸು ಕಟ್ಟುತ್ತೇವೆ. ಕಾಲೇಜಿನ ಕಟ್ಟಡ ನೋಡುತ್ತೇವೆ, ಹಾಸ್ಟೆಲಿನ ಊಟ ವಿಚಾರಿಸುತ್ತೇವೆ. ಆದರೆ ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕದಲ್ಲಿ ನಮ್ಮ ಮಗುವಿಗೆ ಕಲಿಸುವವರು ಯಾರು ಎಂದು ಎಷ್ಟು ಮಂದಿ ಕೇಳಿದ್ದೇವೆ?

ಭೋರ್ ಎಂದೊಡನೆ ಓದುಬಲ್ಲವರಿಗೆ ಭೋರ್ ಸಮಿತಿ ನೆನಪಾಗುತ್ತದೆ. ಅದು ಊರಿನ ಹೆಸರಲ್ಲ, ಸಮಿತಿಯ ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಭೋರ್ ಅವರ ಹೆಸರು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಆ ಸಮಿತಿ ದೇಶದ ಆರೋಗ್ಯದ ಲೆಕ್ಕ ತೆಗೆಯಿತು. ಆಗ ಬ್ರಿಟಿಷ್ ಇಂಡಿಯಾದಲ್ಲಿ 6,300 ಜನರಿಗೆ ಒಬ್ಬ ಡಾಕ್ಟರು, 43,000 ಜನರಿಗೆ ಒಬ್ಬ ನರ್ಸ್. ಅಂದಿನಿಂದ ಇಂದಿಗೆ ನರ್ಸಿಂಗ್ ಶಾಲೆಗಳು ಬಹಳ ಹೆಚ್ಚಿವೆ. ಜಿ.ಎನ್.ಎಂ. ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಈ ಓದಿನ ದೊಡ್ಡ ಪಾಲು ವಾರ್ಡಿನಲ್ಲೇ ನಡೆಯುತ್ತದೆ. ಸೂಜಿ ಚುಚ್ಚುವುದು, ಗಾಯ ಕಟ್ಟುವುದು, ನರಳುವವರಿಗೆ ಧೈರ್ಯ ಹೇಳುವುದು ಪುಸ್ತಕ ಓದಿದ ಮಾತ್ರಕ್ಕೆ ಬರುವುದಿಲ್ಲ. ದೋಸೆಯ ಕಾವಲಿಯ ಕಾವು ಪುಸ್ತಕದಿಂದ ತಿಳಿಯುತ್ತದೆಯೇ? ಭಟ್ಟರು ನೀರು ಚಿಮುಕಿಸಿ ತೋರಿಸಬೇಕು, ಪಕ್ಕದಲ್ಲಿ ನಿಂತು ನೋಡಬೇಕು. ಹಾಗೆಯೇ ಇದು.

ರಜೆಯಲ್ಲಿ ಮನೆಗೆ ಬಂದ ನಮ್ಮ ಮಕ್ಕಳನ್ನು ನಾವು ಕೇಳಿದೆವು: ನಿಮಗೆ ಚೆನ್ನಾಗಿ ಕಲಿಸಿದ ಸಿಸ್ಟರ್ ಯಾರು, ಅವರಲ್ಲಿ ಏನು ಹಿಡಿಸಿತು? ದೊಡ್ಡ ಡಿಗ್ರಿ ಇದೆ ಎಂದು ಯಾರೂ ಹೇಳಲಿಲ್ಲ. ಹೇಳಿದ್ದು ಸಣ್ಣ ಸಣ್ಣ ಸಂಗತಿಗಳು.

ಮೊದಲನೆಯದು, ಹೆಸರು ಹಿಡಿದು ಕರೆಯುವುದು. “ಏ ಸ್ಟೂಡೆಂಟ್, ಇಲ್ಲಿ ಬಾ” ಎಂದರೆ ಮನಸ್ಸು ಮುದುಡುತ್ತದೆಯಂತೆ. ಇದು ನಮಗೆ ತಿಳಿಯದ ಮಾತೇ? “ಏ ಮಾಣಿ” ಎಂದು ಕೂಗಿಸಿಕೊಂಡೇ ಬೆಳೆದವರು ನಾವು. ಒಬ್ಬ ಗಿರಾಕಿ ಹೆಸರು ಕೇಳಿ ಮಾತಾಡಿಸಿದರೆ ಆ ದಿನವೆಲ್ಲ ಕೈಕಾಲು ಹಗುರವಾಗುತ್ತಿತ್ತು.

ಎರಡನೆಯದು, ಮಾಡಿ ತೋರಿಸಿ ಕಾರಣ ಹೇಳುವುದು. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮೊದಲು ಕೈ ತೊಳೆ ಎಂದರೆ ಆಜ್ಞೆಯಾಯಿತು. ತೊಳೆಯದಿದ್ದರೆ ಈ ಮಂಚದ ಸೋಂಕು ಆ ಮಂಚಕ್ಕೆ ಹೋಗುತ್ತದೆ ಎಂದು ಹೇಳಿದರೆ ವಿದ್ಯೆಯಾಯಿತು. ಕಾರಣ ತಿಳಿದ ಕೈ ಯಾರೂ ನೋಡದ ರಾತ್ರಿಪಾಳಿಯಲ್ಲೂ ಸರಿಯಾಗಿಯೇ ಕೆಲಸ ಮಾಡುತ್ತದೆ.

ಮೂರನೆಯದು, ತಪ್ಪನ್ನು ಮರೆಗೆ ಕರೆದು ತಿದ್ದುವುದು. ರೋಗಿಯ ಎದುರಿಗೆ, ಅವರ ನೆಂಟರ ಎದುರಿಗೆ ಬೈದರೆ ಆ ರೋಗಿ ಮರುದಿನ ಆ ಹುಡುಗಿಗೆ ಕೈ ಚಾಚುತ್ತಾನೆಯೇ? ತಪ್ಪನ್ನು ಮುಚ್ಚಿಡಬೇಕೆಂದು ಮಕ್ಕಳು ಕೇಳುತ್ತಿಲ್ಲ. ತಿದ್ದಿರಿ, ಮಾನ ಕಳೆಯಬೇಡಿ ಎನ್ನುತ್ತಾರೆ.

ನಾಲ್ಕನೆಯದು, ಕೆಲಸವನ್ನು ಹಂತಹಂತವಾಗಿ ವಹಿಸಿಕೊಡುವುದು. ಮೊದಲು ನೋಡು, ಆಮೇಲೆ ನನ್ನೊಡನೆ ಮಾಡು, ಆಮೇಲೆ ನಾನು ನೋಡುತ್ತೇನೆ, ನೀನು ಮಾಡು. ಗಿರಣಿಯ ಹಿರಿಯರಿಗೆ ಇದು ಗೊತ್ತು. ಬದಲಿಯಾಗಿ ಬಂದ ಹುಡುಗ ನುರಿತ ನೇಕಾರನ ಪಕ್ಕದಲ್ಲಿ ನಿಂತು ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿಯುತ್ತಿದ್ದ. ಮೊದಲ ದಿನವೇ ಅವನ ಕೈಗೆ ಮಗ್ಗ ಬಿಟ್ಟರೆ ಬಟ್ಟೆಯೂ ಹಾಳು, ಹುಡುಗನೂ ಹಾಳು.

ಐದನೆಯದು, ಭಾಷೆ. ಮನೆಯಲ್ಲಿ ಕನ್ನಡ ಅಥವಾ ತುಳು, ಪುಸ್ತಕದಲ್ಲಿ ಇಂಗ್ಲಿಷ್, ರೋಗಿಯ ಬಾಯಲ್ಲಿ ಮರಾಠಿ. ಭಾಟಘರ್ ಅಣೆಕಟ್ಟಿನ ಹಿಂದಿನ ಹಳ್ಳಿಯ ಅಜ್ಜಿ ತನ್ನ ನೋವನ್ನು ತನ್ನ ಮಾತಿನಲ್ಲೇ ಹೇಳುತ್ತಾಳೆ. “ಅಜ್ಜಿ ಹೇಳುವುದು ಹೀಗೆ, ಇದನ್ನು ಹೀಗೆ ಕೇಳು” ಎಂದು ಬಿಡಿಸಿ ಹೇಳುವ ಸಿಸ್ಟರ್ ಒಬ್ಬರಿದ್ದರೆ ಹುಡುಗಿಗೆ ಹೋದ ಜೀವ ಬಂದಂತಾಗುತ್ತದೆ.

ಬಂಧುಗಳೇ, ಇವೆಲ್ಲ ಮಕ್ಕಳ ಮುದ್ದು ಎಂದು ತಿಳಿಯಬಾರದು. ಹಲವು ದೇಶಗಳಲ್ಲಿ ವಿದ್ಯಾರ್ಥಿಗಳನ್ನು ಕೇಳಿ ನಡೆಸಿದ ಅಧ್ಯಯನಗಳಲ್ಲೂ ಇಂಥವೇ ಮಾತುಗಳು ಬಂದಿವೆ. ಇದರಲ್ಲಿ ರೋಗಿಯ ಪ್ರಾಣದ ಪ್ರಶ್ನೆಯಿದೆ. ಒಡೆದ ಕಪ್ಪಿಗೆ ಸಂಬಳದಲ್ಲಿ ಮುರಿಯುವ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವ ಹುಡುಗ ಏನು ಮಾಡುತ್ತಾನೆ? ಚೂರುಗಳನ್ನು ನೀರಿನ ತಳದಲ್ಲಿ ಬಚ್ಚಿಡುತ್ತಾನೆ. ಕೊನೆಗೆ ಕೊಯ್ಯುವುದು ಇನ್ನೊಬ್ಬನ ಕೈ. ವಾರ್ಡಿನಲ್ಲೂ ಹಾಗೆಯೇ. ಔಷಧದ ಅಳತೆ ತಪ್ಪಿತೇನೋ ಎಂಬ ಸಂಶಯ ಬಂದಾಗ ಓಡಿ ಬಂದು ಕೇಳುವ ಧೈರ್ಯ ಹುಡುಗಿಗೆ ಇರಬೇಕು. ಬೈಗುಳಕ್ಕೆ ಹೆದರಿ ಸುಮ್ಮನಾದರೆ ಅದರ ಬೆಲೆ ತೆರುವವನು ಮಂಚದ ಮೇಲೆ ಮಲಗಿದವನು. ಕಾಯನ್ನು ಗುದ್ದಿ ಹಣ್ಣು ಮಾಡಲಾಗದು.

ಒಳ್ಳೆಯ ರೀತಿಯಲ್ಲಿ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಮಹಾರಾಷ್ಟ್ರದ ಜಾಮಖೇಡ ಸಾಕ್ಷಿ. 1970ರಲ್ಲಿ ಡಾ. ರಜನಿಕಾಂತ ಆರೋಳೆ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು ಆ ಬರಗಾಲದ ಸೀಮೆಯಲ್ಲಿ ಕೆಲಸ ಪ್ರಾರಂಭಿಸಿದರು. ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕೆಲಸಕ್ಕೆ ತಯಾರು ಮಾಡಿದರು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ, ದಲಿತ ಹೆಂಗಸರೂ ಇದ್ದರು. ಗೌರವದಿಂದ ಕಲಿಸಿದ್ದರಿಂದ ಆ ಹೆಂಗಸರು ಬಸುರಿ ಬಾಣಂತಿಯರ ಆರೈಕೆ ಕಲಿತರು, ತಮ್ಮೂರಿಗೆ ತಾವೇ ತಿಳಿಯಹೇಳುವವರಾದರು. 1979ರಲ್ಲಿ ಆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಕ್ಷರ ಬಾರದವರು ಇಷ್ಟು ಕಲಿಯುವುದಾದರೆ ಹನ್ನೆರಡನೆಯ ಇಯತ್ತೆ ಪಾಸಾದ ನಮ್ಮ ಮಕ್ಕಳು ಕಲಿಯಲಾರರೇ?

ಇನ್ನು ನ್ಯಾಯದ ಮಾತು. ವಾರ್ಡಿನ ಸಿಸ್ಟರುಗಳ ಮೇಲೆ ಎಲ್ಲ ಭಾರ ಹೊರಿಸಿ ನಾವು ಕೈ ತೊಳೆದುಕೊಳ್ಳಬಾರದು. ಅವರೂ ನಮ್ಮಂತೆ ದುಡಿಯುವವರೇ. ವಾರ್ಡು ತುಂಬ ರೋಗಿಗಳು, ಕೈಗೆ ಜನ ಸಾಲದು, ಬರೆಯುವ ಕಾಗದಗಳಿಗೆ ಲೆಕ್ಕವಿಲ್ಲ, ಅದರ ಮೇಲೆ ನಾಲ್ಕು ವಿದ್ಯಾರ್ಥಿಗಳು. ಮಧ್ಯಾಹ್ನದ ಗದ್ದಲದಲ್ಲಿ ಹೊಸ ಹುಡುಗನಿಗೆ ಕಲಿಸಲು ಯಾವ ಭಟ್ಟರಿಗೆ ತಾಳ್ಮೆ ಇರುತ್ತದೆ? ಆದ್ದರಿಂದ ಕಲಿಸುವುದನ್ನೂ ಕೆಲಸವೆಂದು ಲೆಕ್ಕ ಹಿಡಿಯಬೇಕು, ಅದಕ್ಕೆ ಬೇರೆ ವೇಳೆ ಕೊಡಬೇಕು, ಕಲಿಸುವವರಿಗೂ ಕಲಿಸುವ ರೀತಿಯ ತರಬೇತಿ ಸಿಗಬೇಕು. ವಿದ್ಯಾರ್ಥಿಗಳನ್ನು ಸಂಬಳವಿಲ್ಲದ ಆಳುಗಳಂತೆ ದುಡಿಸಿಕೊಳ್ಳುವುದು ಎಲ್ಲಿದ್ದರೂ ನಿಲ್ಲಬೇಕು. ಇದನ್ನು ಕೇಳುವ ಹಕ್ಕು ಫೀಸು ಕಟ್ಟುವ ನಮಗೆ ಇದೆ.

ನಾವು ಇಂದಿನಿಂದಲೇ ಮಾಡಬಹುದಾದ ಕೆಲಸಗಳೂ ಇವೆ. ಮಗುವನ್ನು ಸೇರಿಸುವ ಮೊದಲು ಆ ಶಾಲೆಯಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಕಂಡು ಮಾತಾಡಿ. ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ವಾರ್ಡಿನಲ್ಲಿ ಪಕ್ಕದಲ್ಲಿ ನಿಂತು ಕಲಿಸುವವರು ಇದ್ದಾರೆಯೇ ಎಂದು ಕೇಳಿ. ಮಗಳು ಫೋನು ಮಾಡಿದಾಗ ಊಟವಾಯಿತೇ ಎನ್ನುವುದರ ಜೊತೆಗೆ ಇಂದು ಯಾರು ಏನು ಕಲಿಸಿದರು ಎಂದೂ ಕೇಳಿ. ಬಿಟ್ಟು ಬರುತ್ತೇನೆ ಎಂದು ಅತ್ತರೆ ಸಾಲದ ಮಾತೆತ್ತಿ ಬಾಯಿ ಮುಚ್ಚಿಸಬೇಡಿ, ಕಾರಣ ಕೇಳಿ. ಸಂಘಕ್ಕೆ ತಿಳಿಸಿ. ನಾವು ನಾಲ್ಕು ಮಂದಿ ಹೋಗಿ ಪ್ರಿನ್ಸಿಪಾಲರ ಹತ್ತಿರ ವಿನಯದಿಂದ, ಆದರೆ ಗಟ್ಟಿಯಾಗಿ ಮಾತಾಡುತ್ತೇವೆ.

ಮತ್ತೊಂದು ವಿನಂತಿ. ನಾವೇ ರೋಗಿಗಳಾಗಿ ಮಲಗಿದಾಗ ಕಲಿಯುವ ಹುಡುಗಿಯೊಬ್ಬಳು ನಾಡಿ ನೋಡಲು ಬಂದರೆ ಮುಖ ತಿರುಗಿಸಬೇಡಿ. ಪಕ್ಕದಲ್ಲಿ ಹಿರಿಯ ಸಿಸ್ಟರ್ ಇರಲಿ ಎಂದು ಕೇಳಿ, ಕೈ ಕೊಡಿ. ಆಕೆ ಯಾವುದೋ ಊರಿನ, ನಮ್ಮಂಥ ದುಡಿಯುವವನೊಬ್ಬನ ಮಗಳಿರಬಹುದು.

ನಾಳೆ ಈ ಮಕ್ಕಳೇ ವಾರ್ಡಿನ ಸಿಸ್ಟರುಗಳಾಗುತ್ತಾರೆ, ಅವರ ಮುಂದೆ ಇನ್ನೊಂದು ಗುಂಪು ಮಕ್ಕಳು ಬಂದು ನಿಲ್ಲುತ್ತಾರೆ. ತಮಗೆ ಹೇಗೆ ಕಲಿಸಿದರೋ ಹಾಗೆಯೇ ಅವರೂ ಕಲಿಸುವ ಸಂಭವ ಹೆಚ್ಚು. ಆದ್ದರಿಂದ ಈ ಮಾತನ್ನು ಸಣ್ಣದೆಂದು ತಿಳಿಯದೆ ಮನೆಮನೆಗೆ ಮುಟ್ಟಿಸಿರೆಂದು ಕೇಳಿಕೊಳ್ಳುತ್ತೇವೆ.